ಕಿಟಕಿ ತೆರೆಯಲು ಬಿಡಿ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಚೇರಿಗಳೊಳಗೆ ಹೋಗಿ ನೋಡಿದರೆ ಕುರ್ಚಿಗಳ ಬೆನ್ನಿಗೆ ಸ್ವೆಟರು, ಶಾಲುಗಳು ನೇತುಬಿದ್ದಿರುತ್ತವೆ. ಹೊರಗೆ 34 ಡಿಗ್ರಿ ಬಿಸಿಲು, ಒಳಗೆ 22 ಡಿಗ್ರಿಯ ಚಳಿ. ಚಳಿಯಾಯಿತೆಂದು ಕಿಟಕಿ ತೆರೆಯಲು ಬರುವುದಿಲ್ಲ. ಗೋಡೆ ಇರಬೇಕಾದ ಜಾಗದಲ್ಲಿ ಕೂರಿಸಿದ ಗಾಜು ಅದು. ಎಸಿ ಕಡಿಮೆ ಮಾಡೋಣವೆಂದರೆ ಗುಂಡಿ ಕೈಗೆ ಸಿಗುವುದಿಲ್ಲ. ಕಟ್ಟಡ ನಿರ್ವಹಣೆಯವರಿಗೆ ದೂರು ಕೊಟ್ಟು ಕಾಯಬೇಕು, ಅಷ್ಟರಲ್ಲಿ ಪಕ್ಕದ ಸಾಲಿನವರು ಸೆಕೆಯಾಗುತ್ತಿದೆ ಎಂದು ಎದುರು ದೂರು ಕೊಟ್ಟಿರುತ್ತಾರೆ. ಇಷ್ಟಾದರೂ ಸಕಲ ಅನುಕೂಲಗಳಿರುವ ಕಟ್ಟಡಗಳೆಂದು ನಾವು ಹೆಸರಿಸುವುದು ಇವನ್ನೇ. ಹಿತವನ್ನು ಅಳೆಯುವ ನಮ್ಮ ಕ್ರಮವೇ ತಪ್ಪಿದೆ ಎಂಬುದು ನನ್ನ ವಾದ. ಯಾರೋ ಆರಿಸಿದ ಒಂದು ಉಷ್ಣಾಂಶವನ್ನು ಎಲ್ಲರಿಗೂ ಒಂದೇ ಸಮ ಹಂಚಿದರೆ ಹಿತ ಸಿಗುವುದಿಲ್ಲ. ಸೆಕೆಯಾದಾಗ ತಂಪು ಮಾಡಿಕೊಳ್ಳುವ, ಚಳಿಯಾದಾಗ ಬೆಚ್ಚಗಾಗುವ ದಾರಿ ಅಲ್ಲಿ ಕೂತವರ ಕೈಯಲ್ಲೇ ಇದ್ದಾಗ ಸಿಗುತ್ತದೆ. ಆ ದಾರಿಯನ್ನು ಕಸಿದುಕೊಂಡು ಬದಲಿಗೆ ಒಂದು ಅಂಕಿಯನ್ನು ಕೊಡುವ ಕಟ್ಟಡ ಹೆಚ್ಚು ಕರೆಂಟು ತಿಂದು ಕಡಿಮೆ ಜನರಿಗೆ ಹಿತ ಕೊಡುತ್ತದೆ; ಅದರ ಹೊರಗೆ ಇರುವವರ ಪಾಲಿನ ಹಿತವನ್ನೂ ಕಿತ್ತುಕೊಳ್ಳುತ್ತದೆ.

ಈ ಅಂಕಿ ಎಲ್ಲಿಂದ ಬಂತು ಎಂದು ಹುಡುಕಿದರೆ ವಿಷಯ ಅರ್ಧ ತಿಳಿಯಾಗುತ್ತದೆ. ಎಸಿ ಹುಟ್ಟಿದ್ದು ಮನುಷ್ಯರ ಸೆಕೆ ಕಳೆಯಲಿಕ್ಕಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್-ವಿಲ್‌ಹೆಲ್ಮ್ಸ್ ಎಂಬ ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಸರಿಯಾಗಿ ಕೂರಬೇಕಾದ ಬಣ್ಣಗಳು ಆಚೀಚೆ ಜಾರುತ್ತಿದ್ದವು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಗಾಳಿಯ ತೇವವನ್ನು ಒಂದೇ ಹದದಲ್ಲಿ ಹಿಡಿದಿಡುವ ಯಂತ್ರವನ್ನು ರೂಪಿಸಿದ್ದು ಆ ಕಾಗದಕ್ಕಾಗಿ. ಕಾಗದಕ್ಕೆ ಒಂದೇ ಹದದ ಗಾಳಿ ಬೇಕು, ಏಕೆಂದರೆ ಅದು ಎದ್ದು ಹೋಗಿ ಕಿಟಕಿ ತೆರೆಯಲಾರದು, ನೀರು ಕುಡಿಯಲಾರದು, ಕಾಲರಿನ ಗುಂಡಿ ಬಿಚ್ಚಲಾರದು. ಮನುಷ್ಯರಿಗೂ ಅಂಥದೇ ಒಂದು ಹದವನ್ನು ಗೊತ್ತು ಮಾಡುವ ಕೆಲಸ ಆಮೇಲೆ ನಡೆಯಿತು. ಅದರ ಪ್ರಮುಖ ಘಟ್ಟ 1970ರಲ್ಲಿ ಡೆನ್ಮಾರ್ಕಿನ ಓಲೆ ಫ್ಯಾಂಗರ್ ಪ್ರಕಟಿಸಿದ ಗ್ರಂಥ. ಡೆನ್ಮಾರ್ಕ್ ಮತ್ತು ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಹವೆ ನಿಯಂತ್ರಿಸಿದ ಪ್ರಯೋಗ ಕೊಠಡಿಗಳಲ್ಲಿ ಕೂರಿಸಿ, ಅವರಿಗೆ ಹೇಗನ್ನಿಸುತ್ತದೆ ಎಂದು ಕೇಳಿ, ಆರು ಅಂಶಗಳ ಒಂದು ಸೂತ್ರವನ್ನು ಅವರು ಕಟ್ಟಿದರು: ಗಾಳಿಯ ಬಿಸಿ, ಸುತ್ತಲಿನ ಗೋಡೆ-ಚಾವಣಿಗಳಿಂದ ಸೂಸುವ ಬಿಸಿ, ಗಾಳಿಯ ವೇಗ, ತೇವ, ತೊಟ್ಟ ಬಟ್ಟೆ, ಮೈಯೊಳಗೆ ಹುಟ್ಟುವ ಶಾಖ. ಸೂತ್ರ ಸೊಗಸಾದದ್ದೇ. ಎಷ್ಟೇ ಚೆನ್ನಾಗಿ ಹೊಂದಿಸಿದರೂ ನೂರಕ್ಕೆ ಐದು ಮಂದಿಗಾದರೂ ಅಸಮಾಧಾನ ಉಳಿಯುತ್ತದೆ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಅದಕ್ಕಿದೆ. ತೊಂದರೆಯಾದದ್ದು ಬಳಕೆಯಲ್ಲಿ. ಬಟ್ಟೆಯೆಂದರೆ ಸೂಟು, ಗಾಳಿಯೆಂದರೆ ಅಲುಗದ ಗಾಳಿ, ಕೆಲಸಗಾರನೆಂದರೆ ನಡುವಯಸ್ಸಿನ ಗಂಡಸು ಎಂದು ಹಿಡಿದು ಲೆಕ್ಕ ಹಾಕಿದರು. ಆಗ ಆರು ಅಂಶಗಳಲ್ಲಿ ಐದು ಗಟ್ಟಿಯಾಗಿ ನಿಂತು, ಬದಲಿಸಬಹುದಾದದ್ದು ಗಾಳಿಯ ಬಿಸಿಯೊಂದೇ ಆಯಿತು. ಆ ಲೆಕ್ಕದಿಂದ ಬಂದ 22, 23 ಡಿಗ್ರಿ ಎಂಬ ಉತ್ತರ ಲೋಕದ ಎಲ್ಲ ಕಚೇರಿಗಳಿಗೂ ಹರಡಿತು.

ಪ್ರಯೋಗ ಕೊಠಡಿಯಿಂದ ಹೊರಬಂದು ಜನ ದಿನವೂ ಬದುಕುವ, ದುಡಿಯುವ ಜಾಗಗಳಲ್ಲಿ ವಿಚಾರಿಸಿದವರಿಗೆ ಬೇರೆಯೇ ಉತ್ತರ ಸಿಕ್ಕಿತು. ಅದರ ಮೊದಲ ಸುಳಿವುಗಳಲ್ಲಿ ಒಂದು ಭಾರತದ್ದು. ರೂರ್ಕಿಯಲ್ಲೂ ಬಾಗ್ದಾದಿನಲ್ಲೂ ಕಲೆಹಾಕಿದ್ದ ದಾಖಲೆಗಳನ್ನು 1974ರಲ್ಲಿ ವಿಶ್ಲೇಷಿಸಿದ ಬ್ರಿಟನ್ನಿನ ಫರ್ಗಸ್ ನಿಕೋಲ್, ಗಾಳಿಯಾಡುತ್ತಿದ್ದರೆ 30 ಡಿಗ್ರಿ ದಾಟಿದ ಮೇಲೂ ಜನ ಹಿತವಾಗಿಯೇ ಇದ್ದರು ಎಂಬುದನ್ನು ಗುರುತಿಸಿದರು. ಅವರ ಒಡನಾಡಿ ಮೈಕೆಲ್ ಹಂಫ್ರೀಸ್ ಲೋಕದ ನಾನಾ ಕಡೆಯ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಜನರಿಗೆ ಹಿತವೆನಿಸುವ ಉಷ್ಣಾಂಶ ಊರಿಂದ ಊರಿಗೆ, ಋತುವಿನಿಂದ ಋತುವಿಗೆ ಸರಿಯುತ್ತದೆ ಎಂಬುದು ಸ್ಪಷ್ಟವಾಯಿತು. 1998ರಲ್ಲಿ ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ 160 ಕಟ್ಟಡಗಳ ಸುಮಾರು 21,000 ದಾಖಲೆಗಳನ್ನು ಪರಿಶೀಲಿಸಿ ಇನ್ನೂ ಮುಖ್ಯವಾದ ಒಂದು ಮಾತು ಹೇಳಿದರು: ಮುಚ್ಚಿದ ಎಸಿ ಕಟ್ಟಡದಲ್ಲಿರುವವರು ಉಷ್ಣಾಂಶ ಒಂದಿಷ್ಟು ಆಚೀಚೆಯಾದರೂ ಕಿಟಕಿ ತೆರೆದಿರುವ ಕಟ್ಟಡದವರಿಗಿಂತ ಎರಡು ಪಟ್ಟು ಬೇಗ ಕಸಿವಿಸಿಗೊಳ್ಳುತ್ತಾರೆ. ಸೌಕರ್ಯ ಹೆಚ್ಚಿದಂತೆ ಸಹಿಸುವ ಹರವು ಕಿರಿದಾಗುತ್ತದೆ. ನಮ್ಮ ದೇಶದ್ದೇ ಆದ ದೊಡ್ಡ ಅಧ್ಯಯನವನ್ನು ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಮಾಡಿದ್ದಾರೆ. ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾ ಈ ಐದು ಊರುಗಳ 16 ಕಚೇರಿ ಕಟ್ಟಡಗಳಲ್ಲಿ ಮೂರು ಋತುಗಳಲ್ಲಿ 6,330 ಉತ್ತರಗಳನ್ನು ಅವರು ಪಡೆದರು. ಗಾಳಿ ಬೆಳಕಿಗೆ ತೆರೆದುಕೊಂಡ ಕಟ್ಟಡಗಳಲ್ಲಿ ಹೊರಗಿನ ಹವೆಗೆ ತಕ್ಕಂತೆ 19.6 ಡಿಗ್ರಿಯಿಂದ 28.5 ಡಿಗ್ರಿಯವರೆಗೂ ಜನರಿಗೆ ಹಿತವೆನಿಸಿತ್ತು. ಸೂತ್ರದ ಪ್ರಕಾರ ಸೆಕೆಯೆಂದು ಒದ್ದಾಡಬೇಕಿದ್ದವರು ಅಷ್ಟೇನೂ ಒದ್ದಾಡುತ್ತಿರಲಿಲ್ಲ. ಈ ಅಧ್ಯಯನದಿಂದ ರೂಪುಗೊಂಡ ಮಾದರಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿಯೇ ಸೇರಿಕೊಂಡಿದೆ. ಮನೆಗಳ ಮಟ್ಟಿಗೆ ಮಾಧವಿ ಇಂದ್ರಗಂಟಿಯವರು 2008ರ ಬೇಸಿಗೆಯಲ್ಲಿ ಹೈದರಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ ನಡೆಸಿದ ಸಮೀಕ್ಷೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿನವರಿಗೆ ಹದವೆನಿಸಿದ್ದು ಸುಮಾರು 29 ಡಿಗ್ರಿ. 26ರಿಂದ 32ರವರೆಗೆ ಅವರು ನೆಮ್ಮದಿಯಾಗಿ ಇರಬಲ್ಲವರಾಗಿದ್ದರು. ಬೀದರ್, ಕಲಬುರಗಿಗಳಿಗೆ ಹೈದರಾಬಾದು ದೂರವೇನಲ್ಲ.

ಇದನ್ನು ಬರೀ ಅಭ್ಯಾಸಬಲ ಎಂದು ತಳ್ಳಿಹಾಕಿದರೆ ಒಳಗಿನ ಕಾರಣ ಕಾಣದೆ ಹೋಗುತ್ತದೆ. ಮೈ ಒಗ್ಗಿಕೊಳ್ಳುವುದು ನಿಜ, ಬೆವರುವ ಬಗೆಯೇ ಬೇಸಿಗೆಯಲ್ಲಿ ಬದಲಾಗುತ್ತದೆ. ಅದಕ್ಕಿಂತ ದೊಡ್ಡದು ಕೈಕೆಲಸ. ಬಿಸಿಲು ಬೀಳುವ ಕಡೆಯ ಪರದೆ ಎಳೆಯುವುದು, ಎದುರುಬದುರಿನ ಕಿಟಕಿಗಳೆರಡನ್ನೂ ತೆರೆಯುವುದು, ಫ್ಯಾನನ್ನು ಎರಡರಿಂದ ನಾಲ್ಕಕ್ಕೆ ಏರಿಸುವುದು, ಮಧ್ಯಾಹ್ನ ಕೆಳಗಿನ ಕೋಣೆಗೂ ರಾತ್ರಿ ಮಾಳಿಗೆಗೂ ಹಾಸಿಗೆ ಬದಲಿಸುವುದು, ಹತ್ತಿಯ ತೆಳು ಸೀರೆ ಉಡುವುದು, ಮಜ್ಜಿಗೆ ಕುಡಿಯುವುದು. ಇವುಗಳಲ್ಲಿ ಹೆಚ್ಚಿನವುಗಳಿಂದ ದೊರೆಯುವುದು ಅರ್ಧ ಡಿಗ್ರಿ, ಒಂದು ಡಿಗ್ರಿಯಷ್ಟು ಲಾಭ. ಎಲ್ಲವೂ ಕೂಡಿದಾಗ ಲೆಕ್ಕವೇ ಬೇರೆ. ಫ್ಯಾನೊಂದನ್ನೇ ತೆಗೆದುಕೊಂಡರೂ, ಅದರ ಗಾಳಿ ಮೈಗೆ ತಗುಲುತ್ತಿದ್ದರೆ ಸುಮಾರು ಮೂರು ಡಿಗ್ರಿ ಕಡಿಮೆಯಾದಂತೆ ಅನ್ನಿಸುತ್ತದೆ. ಹಳೆಯ ಫ್ಯಾನಿಗೆ 75 ವಾಟ್ ಬೇಕು, ಈಚಿನ ಬಿಎಲ್‌ಡಿಸಿ ಫ್ಯಾನಿಗೆ 30 ವಾಟ್ ಆಸುಪಾಸು ಸಾಕು. ಒಂದೂವರೆ ಟನ್ನಿನ ಎಸಿ ಅದರ ಹತ್ತಾರು ಪಟ್ಟು ಎಳೆಯುತ್ತದೆ. ಇದರ ಜೊತೆಗೆ ಮನಸ್ಸಿಗೆ ಸೇರಿದ ಸಂಗತಿಯೊಂದಿದೆ. ಕಟ್ಟಡಗಳಲ್ಲಿ ಜನ ವಾಸವಾದ ಮೇಲೆ ಹೋಗಿ ವಿಚಾರಿಸುವ ಕೆಲಸವನ್ನು ಇಂಗ್ಲೆಂಡಿನಲ್ಲಿ ದಶಕಗಳ ಕಾಲ ಮಾಡಿದ ಏಡ್ರಿಯನ್ ಲೀಮನ್ ಮತ್ತು ಬಿಲ್ ಬೋರ್ಡಾಸ್, ಹತೋಟಿ ತಮ್ಮ ಕೈಯಲ್ಲಿದೆ ಎಂದು ತಿಳಿದವರು ಕಟ್ಟಡದ ಕೊರತೆಗಳನ್ನು ಹೆಚ್ಚು ಮನ್ನಿಸುತ್ತಾರೆ ಎಂಬುದನ್ನು ಮತ್ತೆ ಮತ್ತೆ ಕಂಡರು. ತಾನೇ ತೆರೆದ ಕಿಟಕಿಯಿಂದ ಬಂದ 29 ಡಿಗ್ರಿಯ ಗಾಳಿಯೂ, ಯಾರೋ ಹೇರಿದ 29 ಡಿಗ್ರಿಯ ಗಾಳಿಯೂ ಮಾಪಕಕ್ಕೆ ಒಂದೇ. ಮನುಷ್ಯರಿಗೆ ಒಂದೇ ಅಲ್ಲ.

ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಈ ಮಾತು ಹೇಳಬೇಕಾಗಿ ಬಂದಿರುವುದೇ ಬೇಸರದ ಸಂಗತಿ. ಲೋಕದ ದೊಡ್ಡ ನಗರಗಳಲ್ಲಿ ವರ್ಷದ ಬಹುಪಾಲು ದಿನ ಫ್ಯಾನು, ಕಿಟಕಿಗಳಿಂದಲೇ ಕಳೆಯಬಹುದಾದ ಊರುಗಳು ಹೆಚ್ಚಿಲ್ಲ. ಈ ವಿದ್ಯೆ ಇಲ್ಲಿಯವರಿಗೆ ಹೊರಗಿನಿಂದ ಬರಬೇಕಾಗಿರಲಿಲ್ಲ, ಇಲ್ಲಿಂದ ಹೊರಕ್ಕೆ ಹೋಗಿದೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಕೆಲವು ಕಟ್ಟಡಗಳು ಅವರವೇ. ನೆರಳು, ಅಡ್ಡಗಾಳಿ, ಬಿಸಿಲಿನ ದಿಕ್ಕು ಇವುಗಳನ್ನು ಹಿಡಿದು ಕಟ್ಟಡ ಕಟ್ಟುವ ಪಾಠವನ್ನು ಅವರು ಮುಂದೆ ಲಂಡನ್ನಿನಲ್ಲಿ ಬಿಸಿನಾಡುಗಳ ವಾಸ್ತುಶಿಲ್ಪಿಗಳ ಒಂದು ತಲೆಮಾರಿಗೇ ಕಲಿಸಿದರು. 1970ರ ದಶಕದಲ್ಲಿ ಸಂಗಡಿಗರೊಡನೆ ಅವರು ಬರೆದ ಕೈಪಿಡಿ ಇಂದಿಗೂ ನಮ್ಮ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಓದಿಸುವ ಪುಸ್ತಕ. ಬನ್ನೇರುಘಟ್ಟ ರಸ್ತೆಯಲ್ಲಿ ಬಿ.ವಿ. ದೋಶಿಯವರು ರೂಪಿಸಿದ ಐಐಎಂ ಕಟ್ಟಡಗಳು ಕಲ್ಲಿನ ಗೋಡೆ, ಎತ್ತರದ ಮೊಗಸಾಲೆ, ಬಳ್ಳಿ ಹಬ್ಬಿದ ಚಪ್ಪರಗಳಲ್ಲೇ ತಂಪನ್ನು ಹಿಡಿದಿಟ್ಟಿವೆ. ಅದೇ ರಸ್ತೆಯ ಉದ್ದಕ್ಕೂ ಆಮೇಲೆ ಎದ್ದ ಗಾಜಿನ ಕಟ್ಟಡಗಳು ಪಡುವಣ ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಆ ಬಿಸಿಯನ್ನು ಹೊರಹಾಕಲು ಯಂತ್ರ ಓಡಿಸಿ, ಕಣ್ಣು ಕುಕ್ಕುವ ಬೆಳಕು ತಡೆಯಲು ಪರದೆ ಎಳೆದು, ಪರದೆಯ ಕತ್ತಲಿಗೆ ಹಗಲಿನಲ್ಲೇ ದೀಪ ಹಚ್ಚುತ್ತವೆ. ಗೋಡೆಯ ಶೇ 40ಕ್ಕಿಂತ ಹೆಚ್ಚು ಭಾಗ ಗಾಜು ಬೇಡವೆಂಬ ಮಿತಿ 2017ರ ಇಂಧನ ಮಿತವ್ಯಯ ಕಟ್ಟಡ ಸಂಹಿತೆಯಲ್ಲಿದೆ, ಆದರೆ ಒಟ್ಟು ಲೆಕ್ಕ ಸರಿದೂಗಿಸಿ ತೋರಿಸಿದರೆ ಅದನ್ನು ದಾಟಲು ಅವಕಾಶವೂ ಇದೆ. ಒಮ್ಮೆ ಹೀಗೆ ಕಟ್ಟಿದ ಮೇಲೆ ಹಿಂದಕ್ಕೆ ಬರುವ ಹಾದಿ ಮುಚ್ಚುತ್ತದೆ. ಎಸಿ ಇದೆಯೆಂದು ಚಾವಣಿ ತಗ್ಗುತ್ತದೆ, ಫ್ಯಾನಿನ ಕೊಕ್ಕೆ ಮಾಯವಾಗುತ್ತದೆ, ಸಜ್ಜಾ ಇಲ್ಲವಾಗುತ್ತದೆ, ಮೇ ತಿಂಗಳಲ್ಲೂ ಟೈ ಕಟ್ಟುವ ನಿಯಮ ಬರುತ್ತದೆ. ಅಲ್ಲಿಗೆ ಎಸಿ ಅನುಕೂಲವಾಗಿ ಉಳಿಯದೆ ಅನಿವಾರ್ಯವಾಗುತ್ತದೆ. ಕರೆಂಟು ಹೋಗಿ ಜನರೇಟರ್ ಕೈಕೊಟ್ಟರೆ ಹತ್ತು ನಿಮಿಷಕ್ಕೆ ಎಲ್ಲರೂ ಮೆಟ್ಟಿಲಿಳಿದು ಬಯಲಿಗೆ ಬರಬೇಕು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಶೋವ್ 2003ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ: ನೆಮ್ಮದಿ, ಶುಚಿ, ಅನುಕೂಲಗಳ ಅಳತೆಗೋಲುಗಳು ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮೇಲೇರುತ್ತವೆ, ಇಳಿಯುವುದು ಬಹಳ ಕಷ್ಟ.

ಈ ಹಿತ ಯಾರದು ಎಂಬ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಚೇರಿ ಉಷ್ಣಾಂಶದ ಲೆಕ್ಕದಲ್ಲಿ ಬಳಸುವ ದೇಹಶಾಖದ ಅಂಕಿ 40 ವರ್ಷದ, 70 ಕಿಲೋ ತೂಕದ ಗಂಡಸಿನದು. ಹೆಂಗಸರ ದೇಹ ಹುಟ್ಟಿಸುವ ಶಾಖವನ್ನು ಅದು ಶೇ 35ರವರೆಗೂ ಹೆಚ್ಚಾಗಿ ಅಂದಾಜಿಸುತ್ತದೆ. ಕುರ್ಚಿಯ ಬೆನ್ನಿಗೆ ತೂಗುವ ಶಾಲುಗಳಲ್ಲಿ ಹೆಚ್ಚಿನವು ಯಾರವು ಎಂಬುದಕ್ಕೆ ಉತ್ತರ ಇಲ್ಲಿದೆ. ಇನ್ನು ಹೊರಗೆ ನೋಡಿ. ಎಸಿ ಬಿಸಿಯನ್ನು ಅಳಿಸುವುದಿಲ್ಲ, ಸಾಗಿಸುತ್ತದೆ. ಕೋಣೆಯಿಂದ ಮೂರು ಪಾಲು ಶಾಖವನ್ನು ಎತ್ತಿದರೆ, ಎತ್ತಲು ಬಳಸಿದ ಕರೆಂಟಿನ ಶಾಖವೂ ಸೇರಿ ಹೆಚ್ಚುಕಡಿಮೆ ನಾಲ್ಕು ಪಾಲು ಬೀದಿಗೆ ಬೀಳುತ್ತದೆ. ಅಮೆರಿಕದ ಫೀನಿಕ್ಸ್ ನಗರದ ಬಗ್ಗೆ 2014ರಲ್ಲಿ ಬಂದ ಅಧ್ಯಯನವೊಂದು, ಎಸಿಗಳು ಹೊರಚೆಲ್ಲಿದ ಬಿಸಿಯಿಂದ ಕೆಲವು ಕಡೆ ರಾತ್ರಿಯ ಗಾಳಿ ಒಂದು ಡಿಗ್ರಿಗೂ ಮಿಕ್ಕಿ ಕಾಯುತ್ತದೆ ಎಂದು ಲೆಕ್ಕ ಹಾಕಿತ್ತು. ಆ ಬಿಸಿಗಾಳಿ ಎರಗುವುದು ಗೇಟಿನ ಬಳಿ ನಿಂತ ಕಾವಲುಗಾರನ ಮೇಲೆ, ಬೈಕಿನಲ್ಲಿ ಊಟದ ಪೊಟ್ಟಣ ತಂದು ಲಿಫ್ಟಿಗೆ ಕಾಯುವ ಹುಡುಗನ ಮೇಲೆ, ಹಿಂದಿನ ಓಣಿಯ ಶೀಟಿನ ಮನೆಯ ಮೇಲೆ. ಸಿಮೆಂಟ್ ಶೀಟಿನಡಿಯ ಮನೆ ಹಗಲೆಲ್ಲ ಕಾದು, ರಾತ್ರಿ ಹೊರಗಿನ ಗಾಳಿ ತಂಪಾದಾಗ ಮಾತ್ರ ಆರುತ್ತದೆ. ಆ ರಾತ್ರಿಯ ತಂಪೇ ಕಮ್ಮಿಯಾದರೆ ಅಲ್ಲಿನವರಿಗೆ ನಿದ್ದೆಯಿಲ್ಲ, ಮರುದಿನದ ಕೂಲಿಗೆ ತ್ರಾಣವಿಲ್ಲ. ಒಬ್ಬರ ಅನುಕೂಲದ ಬೆಲೆಯನ್ನು ಇನ್ನೊಬ್ಬರು ತಮ್ಮ ಮೈಯಲ್ಲಿ ತೆರುತ್ತಿದ್ದಾರೆ. ತೆರುವವರು ಕಟ್ಟಡದ ನಕ್ಷೆಯಲ್ಲಿ ಇಲ್ಲ, ಬಿಲ್ಲಿನಲ್ಲೂ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು: ಸೆಕೆ ಕೊಲ್ಲುತ್ತದೆ, ಒಗ್ಗಿಕೊಳ್ಳಿ ಎಂದು ಹೇಳುವುದು ನೆರಳಲ್ಲಿ ಕೂತವರ ಮಾತು. ಒಪ್ಪುತ್ತೇನೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ವಾಡಿಕೆಗಿಂತ 1,344 ಹೆಚ್ಚು ಸಾವುಗಳಾದವು ಎಂದು ಆಮೇಲಿನ ಅಧ್ಯಯನ ಲೆಕ್ಕ ಹಾಕಿತು. ರಾಯಚೂರು, ಕಲಬುರಗಿಗಳಲ್ಲಿ ಪಾದರಸ 42ಕ್ಕೇರಿದಾಗ ಒಣ ಬಿಸಿಗಾಳಿಯನ್ನು ಮೈಮೇಲೆ ಬೀಸುವ ಫ್ಯಾನು ತಂಪು ಮಾಡುವುದಿಲ್ಲ, ಇನ್ನಷ್ಟು ಕಾಯಿಸಬಹುದು. ಹೃದ್ರೋಗಿಗಳಿಗೆ, ಬಾಣಂತಿಯರಿಗೆ, ಮುಪ್ಪಿನವರಿಗೆ, ಆಸ್ಪತ್ರೆಯ ವಾರ್ಡುಗಳಿಗೆ ಎಸಿ ಬೇಕು. ಅಲ್ಲಿ ಅದು ಐಷಾರಾಮವಲ್ಲ. ಹವಾಮಾನ ಕೆಡುತ್ತಿರುವಾಗ ಅಂಥ ದಿನಗಳು ಹೆಚ್ಚೇ ಆಗಲಿವೆ. ಬೆಂಗಳೂರೇ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಕಂಡಿದೆ. ಆದರೆ ಈ ಆಕ್ಷೇಪವನ್ನು ಕೊನೆಯವರೆಗೂ ಹಿಂಬಾಲಿಸಿದರೆ ಅದು ನನ್ನ ವಾದವನ್ನೇ ಬಲಪಡಿಸುತ್ತದೆ. ಅಹಮದಾಬಾದು 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿದಾಗ ಅದರ ಆಧಾರಗಳು ಮುನ್ನೆಚ್ಚರಿಕೆ, ಕುಡಿಯುವ ನೀರು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ. ಬಿಳಿ ಬಳಿದ ಚಾವಣಿಗಳು ಆಮೇಲೆ ಸೇರಿದವು. ಜೀವ ಉಳಿಸುವ ತಂಪು ಎಲ್ಲಿ ಬೇಕೋ ಅಲ್ಲಿ ಮುಟ್ಟಬೇಕಾದರೆ, ಬೇಡದ ಕಡೆಯ ಚಳಿಗೆ ಕರೆಂಟನ್ನು ಸುರಿಯುವುದು ನಿಲ್ಲಬೇಕು. ಸೆಕೆಯಲ್ಲೂ ಬಗೆಗಳಿವೆ ಎಂಬುದನ್ನು ಒಂದೇ ಅಂಕಿ ನಂಬುವವರು ಮರೆಯುತ್ತಾರೆ. ಕಲಬುರಗಿಯ ಒಣ ಧಗೆಗೆ ನೀರು ತುಂಬಿದ ಕೂಲರ್ ಚೆನ್ನಾಗಿ ಒದಗುತ್ತದೆ. ಅದೇ ಕೂಲರನ್ನು ಮಂಗಳೂರಿನಲ್ಲಿಟ್ಟರೆ ತೇವದ ಗಾಳಿಗೆ ಇನ್ನಷ್ಟು ತೇವ ಸೇರಿ ಬೆವರು ಆರದೆ ಹಿಂಸೆಯಾಗುತ್ತದೆ. ಕರಾವಳಿಗೆ ಬೇಕಾದದ್ದು ಬಿಡದೆ ಆಡುವ ಗಾಳಿ, ಇಳಿಜಾರು ಹಂಚು, ಅಗಲದ ಜಗಲಿ. ಬಯಲುಸೀಮೆಗೆ ಬೇಕಾದದ್ದು ದಪ್ಪ ಗೋಡೆ, ಸಣ್ಣ ಕಿಂಡಿ, ಹಗಲು ಮುಚ್ಚಿ ರಾತ್ರಿ ತೆರೆಯುವ ಕಿಟಕಿ. ಈ ವ್ಯತ್ಯಾಸವನ್ನು ಅರಿತ ವಿನ್ಯಾಸ ಎಸಿಯ ಅಗತ್ಯವನ್ನು ವರ್ಷದ ಕೆಲವು ವಾರಗಳಿಗೆ ಇಳಿಸಬಲ್ಲದು.

ಎರಡನೆಯ ಆಕ್ಷೇಪ ಕೆಲಸದ್ದು: ತಂಪಿದ್ದರೆ ಹೆಚ್ಚು ಕೆಲಸ. ಯಾರ ಕೆಲಸ ಎಂದು ಕೇಳಬೇಕಾಗುತ್ತದೆ. ಬರ್ಲಿನ್‌ನಲ್ಲಿ 543 ವಿದ್ಯಾರ್ಥಿಗಳನ್ನು 16ರಿಂದ 33 ಡಿಗ್ರಿಯವರೆಗಿನ ಕೋಣೆಗಳಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿ ಏರಿದಂತೆ ಹುಡುಗಿಯರು ಲೆಕ್ಕದಲ್ಲೂ ಭಾಷೆಯ ಪರೀಕ್ಷೆಯಲ್ಲೂ ಮೇಲಾದರು. ಹುಡುಗರು ಕಳೆದುಕೊಂಡದ್ದು ಅದಕ್ಕಿಂತ ಕಡಿಮೆ. ಒಂದು ಪ್ರಯೋಗದಿಂದ ಕಾನೂನು ಮಾಡಲಾಗದು, ಆದರೆ 22 ಡಿಗ್ರಿಯೇ ದುಡಿಮೆಯ ಉಷ್ಣಾಂಶ ಎಂಬ ನಂಬಿಕೆಯನ್ನು ಅಲುಗಿಸಲು ಅಷ್ಟು ಸಾಕು.

ಮೂರನೆಯದನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲಾಗದು. ನಗರದಲ್ಲಿ ಕಿಟಕಿ ತೆರೆದರೆ ಗಾಳಿಗಿಂತ ಮೊದಲು ಒಳಬರುವುದು ದೂಳು, ಹಾರ್ನು, ಸೊಳ್ಳೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಎದುರು ಮನೆ ಮಾಡಿದವರಿಗೆ ಅಡ್ಡಗಾಳಿಯ ಪಾಠ ಹೇಳುವುದು ನ್ಯಾಯವಲ್ಲ. ಸೊಳ್ಳೆಗೆ ಜಾಲರಿ ಇದೆ, ಅದನ್ನು ಕಟ್ಟುವಾಗಲೇ ಕೂರಿಸಿದರೆ ಖರ್ಚೂ ಕಮ್ಮಿ. ದೂಳು ಮತ್ತು ಸದ್ದಿಗೆ ಉತ್ತರ ಮನೆಯೊಳಗಿಲ್ಲ, ರಸ್ತೆಯಲ್ಲಿದೆ. ಕಟ್ಟಡ ಕಟ್ಟುವ ಜಾಗಗಳಿಗೆ ಪರದೆ ಹಾಕಿಸುವುದು, ರಸ್ತೆಬದಿಯ ಮಣ್ಣನ್ನು ಮುಚ್ಚುವುದು, ಕರ್ಕಶ ಹಾರ್ನುಗಳನ್ನು ತಡೆಯುವುದು, ರಸ್ತೆಗೂ ಮನೆಗೂ ನಡುವೆ ಮರಗಳನ್ನು ಉಳಿಸುವುದು, ಇವನ್ನೆಲ್ಲ ನಾವು ಪರಿಸರದ ಕೆಲಸವೆಂದು ಬೇರೆ ಕಡತದಲ್ಲಿ ಇಟ್ಟಿದ್ದೇವೆ. ಅವು ಉಷ್ಣಾಂಶದ ಕೆಲಸವೂ ಹೌದು. ಹೊಂಗೆಯ ಸಾಲಿನ ನೆರಳಲ್ಲಿ ಕಿಟಕಿ ತೆರೆಯಬಹುದು, ಮೇಲ್ಸೇತುವೆಯ ಪಕ್ಕದಲ್ಲಿ ತೆರೆಯಲಾಗದು. ಮರ ಕಡಿದು ರಸ್ತೆ ಅಗಲ ಮಾಡಿದಾಗ ಅಕ್ಕಪಕ್ಕದ ನೂರಾರು ಮನೆಗಳಿಗೆ ಎಸಿಯ ಖರ್ಚನ್ನು ಹೊರಿಸಿದಂತಾಯಿತು. ಯೋಜನಾ ವರದಿಗಳು ಅದನ್ನು ವೆಚ್ಚದ ಕಡೆ ಬರೆಯಬೇಕು. ಎಲ್ಲರೂ ತಮ್ಮ ತಮ್ಮ ಕಿಟಕಿ ಮುಚ್ಚಿಕೊಂಡು ಒಳಗೆ ತಂಪಾದರೆ ಹೊರಗಿನ ದೂಳು, ಸದ್ದುಗಳ ಬಗ್ಗೆ ದನಿಯೆತ್ತುವವರೂ ಕಡಿಮೆಯಾಗುತ್ತಾರೆ. ಇದು ನನ್ನನ್ನು ಹೆಚ್ಚು ಕಾಡುವ ಆತಂಕ.

ಹಳೆಯ ಮನೆಗಳ ಮೇಲಿನ ವ್ಯಾಮೋಹ ಎಂಬ ಆಕ್ಷೇಪವೂ ಇದೆ. ತೊಟ್ಟಿ ಮನೆಯ ನಡುಅಂಗಳದಲ್ಲಿ ಬಿಸಿಗಾಳಿ ಮೇಲೇರಿ ತಂಪು ಕೆಳಗಿಳಿಯುತ್ತಿದ್ದದ್ದು ನಿಜ. ಅದೇ ಮನೆಯ ಹಿಂಬದಿಯ ಕತ್ತಲೆ ಅಡುಗೆಮನೆಯಲ್ಲಿ ಹೊಗೆಗೆ ಕಣ್ಣೀರಿಡುತ್ತ ಹೆಂಗಸರು ಬೇಯುತ್ತಿದ್ದದ್ದೂ ನಿಜ. ಜಗಲಿಯ ತಂಗಾಳಿ ಮನೆಯ ಗಂಡಸರಿಗೆ ಮೀಸಲಾಗಿತ್ತು, ಅದರ ಮೆಟ್ಟಿಲು ಹತ್ತಲು ಎಲ್ಲ ಜಾತಿಯವರಿಗೂ ಬಿಡುತ್ತಿರಲಿಲ್ಲ. ಆದ್ದರಿಂದ ಹಳೆಯ ಮನೆಗಳನ್ನು ಮತ್ತೆ ಕಟ್ಟಿ ಎನ್ನುವುದು ನನ್ನ ಕೋರಿಕೆಯಲ್ಲ. ಗಾಳಿಯನ್ನು ಆಡಿಸುವ ಅವುಗಳ ಜಾಣ್ಮೆಯನ್ನು ಉಳಿಸಿಕೊಂಡು, ಅದು ಯಾರಿಗೆ ಎಂಬ ಕಟ್ಟುಪಾಡನ್ನು ಬಿಡಬಹುದು. ಹಾಗೆ ನೋಡಿದರೆ ಗಾಜಿನ ಕಟ್ಟಡವೂ ಆ ಕಟ್ಟುಪಾಡನ್ನು ಬೇರೆ ರೂಪದಲ್ಲಿ ಮುಂದುವರಿಸಿದೆ: ಒಳಗಿನವರಿಗೆ ತಂಪು, ಗೇಟಿನವರಿಗೆ ಧಗೆ.

ಎಸಿಗಳೇ ದಿನೇ ದಿನೇ ಕಡಿಮೆ ಕರೆಂಟಿನಲ್ಲಿ ಓಡುತ್ತಿವೆ, ಸೌರವಿದ್ಯುತ್ತೂ ಬರುತ್ತಿದೆ, ಚಿಂತೆ ಏಕೆ ಎನ್ನುವವರಿದ್ದಾರೆ. ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ತಂಪು ಕ್ರಿಯಾ ಯೋಜನೆಯ ಅಂದಾಜಿನಂತೆ, 2017-18ಕ್ಕೆ ಹೋಲಿಸಿದರೆ 2037-38ರ ಹೊತ್ತಿಗೆ ದೇಶದ ತಂಪಿನ ಬೇಡಿಕೆ ಸುಮಾರು ಎಂಟು ಪಟ್ಟಾಗಲಿದೆ. ಒಂದೊಂದು ಯಂತ್ರವೂ ಮೂರನೇ ಒಂದು ಪಾಲು ಉಳಿತಾಯ ಮಾಡಿದರೂ ಎಂಟು ಪಟ್ಟಿನ ಮುಂದೆ ಅದು ಸಾಲದು. ಮನೆಗಳಲ್ಲಿ ಆ ಬೇಡಿಕೆ ಏರುವುದು ಸಂಜೆ ಮತ್ತು ರಾತ್ರಿ, ಸೂರ್ಯ ಮುಳುಗಿದ ಮೇಲೆ. ಯಂತ್ರ ಸುಧಾರಿಸಲಿ, ಖಂಡಿತ. ಆದರೆ ಬೀದಿಗೆ ಬೀಳುವ ಬಿಸಿ ಸೌರವಿದ್ಯುತ್ತಿನಿಂದ ಓಡಿದ ಎಸಿಯಿಂದಲೂ ಬೀಳುತ್ತದೆ.

ಮಾಡಬೇಕಾದ ಕೆಲಸಗಳಲ್ಲಿ ಕೆಲವಕ್ಕೆ ಹಣವೇ ಬೇಡ. ಜಪಾನ್ 2005ರಲ್ಲಿ ಕೂಲ್ ಬಿಜ್ ಎಂಬ ಅಭಿಯಾನ ಹೂಡಿ, ಬೇಸಿಗೆಯಲ್ಲಿ ಕಚೇರಿಗಳು 28 ಡಿಗ್ರಿಗಿಂತ ತಂಪಾಗಬಾರದು, ಟೈ ಮತ್ತು ಕೋಟು ಬಿಡಿ ಎಂದು ಮಂತ್ರಿಗಳಿಂದಲೇ ಶುರುಮಾಡಿತು. ಉಷ್ಣಾಂಶಕ್ಕಿಂತ ಮೊದಲು ಉಡುಪಿನ ನಿಯಮ ಸಡಿಲಿಸಿದ್ದು ಅದರ ಜಾಣತನ. ನಮ್ಮಲ್ಲಿ ಬೇಸಿಗೆಯ ಕರಿ ಕೋಟಿನಿಂದ ವಿನಾಯಿತಿ ಕೊಡಿ ಎಂದು ವಕೀಲರು ಕೇಳುತ್ತಲೇ ಇದ್ದಾರೆ, ಶಾಲೆಯ ಮಕ್ಕಳು ಮಾರ್ಚಿನಲ್ಲೂ ಬೂಟು, ಕಾಲುಚೀಲ, ಟೈ ತೊಡುತ್ತಾರೆ. 2020ರ ಜನವರಿಯಿಂದ ಇಲ್ಲಿ ಮಾರುವ ಎಸಿಗಳು ಚಾಲೂ ಮಾಡಿದೊಡನೆ 24 ಡಿಗ್ರಿಗೆ ನಿಲ್ಲುವಂತೆ ಇಂಧನ ದಕ್ಷತಾ ಬ್ಯೂರೊ ನಿಯಮ ಮಾಡಿತು. ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ಕರೆಂಟು ಉಳಿಯುತ್ತದೆ ಎಂಬುದು ಅದರ ಲೆಕ್ಕ. 18ಕ್ಕೆ ಇಡುವ ಚಾಳಿಗೆ ಇದು ಒಳ್ಳೆಯ ತಡೆ, ಆದರೆ ಎಸಿಯ ಜೊತೆಗೆ ಫ್ಯಾನೂ ತಿರುಗುತ್ತಿದ್ದರೆ 27, 28 ಕೂಡ ಸಾಕು ಎಂಬುದನ್ನು ಅದು ಹೇಳುವುದಿಲ್ಲ. ಹೊಸ ಕಚೇರಿಗಳ ನಕ್ಷೆಗೆ ಒಪ್ಪಿಗೆ ಕೊಡುವಾಗ ಪ್ರತಿ ಮಹಡಿಯಲ್ಲಿ ತೆರೆಯುವ ಕಿಟಕಿ, ಪಡುವಣ ಗೋಡೆಗೆ ನೆರಳು, ಫ್ಯಾನಿಗೆ ಜಾಗ, ಮತ್ತು ಎಸಿಯ ಗುಂಡಿ ಆ ಕೋಣೆಯಲ್ಲೇ ಇರುವುದು ಕಡ್ಡಾಯವಾಗಬೇಕು. ರಾಷ್ಟ್ರೀಯ ಸಂಹಿತೆ ಒಪ್ಪಿಕೊಂಡ ಮಾದರಿಯನ್ನು ಪಾಲಿಕೆಗಳ ಬೈಲಾಗಳಲ್ಲಿ ಇಳಿಸದೆ ಹೋದರೆ ಅದು ಕಾಗದದಲ್ಲೇ ಉಳಿಯುತ್ತದೆ. ಹಣ ಬೇಕಾಗುವ ಕೆಲಸ ಚಾವಣಿಯದು. ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿಯನ್ನೇ ಜಾರಿಗೆ ತಂದಿತು. ಶೀಟಿನ ಮೇಲೆ ಬಿಳಿ ಸುಣ್ಣ ಅಥವಾ ಬಿಸಿಲು ಹಿಂತಿರುಗಿಸುವ ಬಣ್ಣ ಬಳಿದರೆ ಒಳಗಿನ ಧಗೆ ಕೆಲವು ಡಿಗ್ರಿ ಇಳಿಯುತ್ತದೆ, ಬಣ್ಣ ಮಾಸಿದಂತೆ ಮತ್ತೆ ಬಳಿಯಬೇಕಾಗುತ್ತದೆ ಅಷ್ಟೆ. ಕಲ್ಯಾಣ ಕರ್ನಾಟಕದ ಅಂಗನವಾಡಿಗಳು, ಸರ್ಕಾರಿ ಶಾಲೆಗಳು ಮತ್ತು ನಗರಗಳ ಕೊಳೆಗೇರಿ ಮನೆಗಳಿಂದ ಆ ಕೆಲಸ ಶುರುವಾಗಲಿ. ಅದಕ್ಕೆ ಟೆಂಡರು ಕರೆಯಬೇಕಾದ ತಿಂಗಳು ಡಿಸೆಂಬರ್. ಏಪ್ರಿಲಿನಲ್ಲಿ ಕರೆದರೆ ಸುಣ್ಣ ಒಣಗುವ ಹೊತ್ತಿಗೆ ಮಳೆ ಬಂದಿರುತ್ತದೆ.